ಕಾರ್ಡು ಸತ್ತ ಫೋನು

ಇದಿನಬ್ಬ ಜುಬೈಲಿನಿಂದ ಊರಿಗೆ ಬರುವಾಗ ಎರಡು ಸುಳ್ಳು ಹೊತ್ತುಕೊಂಡು ಬಂದ. ಒಂದು ಬಾಯಿಯಲ್ಲಿ, ಒಂದು ಅಂಗಿಯ ಕಿಸೆಯಲ್ಲಿ.

ಬಾಯಿಯಲ್ಲಿದ್ದದ್ದು ರಜೆಯ ಸುಳ್ಳು. ಅಲ್ಲಿ ಕಂಪನಿ ಬಾಗಿಲು ಹಾಕಿತ್ತು. ಪಾಸ್‌ಪೋರ್ಟಿಗೆ ಎಕ್ಸಿಟ್ ಹೊಡೆದು ಕಳಿಸಿದ್ದರು, ಇನ್ನು ಅತ್ತ ತಲೆ ಹಾಕುವ ಹಾಗಿರಲಿಲ್ಲ. ಆದರೂ ಕೇಳಿದವರಿಗೆಲ್ಲ "ಆರು ತಿಂಗಳ ಲೀವು" ಎಂದ. ಮನುಷ್ಯ ಕೆಟ್ಟವನಲ್ಲ, ಕಾರಣವಿತ್ತು. ಮಗಳು ಶಹಲಾಳಿಗೆ ಮೂಡಬಿದ್ರೆಯ ಕಡೆಯಿಂದ ಸಂಬಂಧ ಬಂದಿತ್ತು. ಅಪ್ಪ ಗಲ್ಫಿನಲ್ಲಿದ್ದಾನೆ ಎಂದು ತಿಳಿದು ಬಂದ ಸಂಬಂಧ ಅದು. ಅಪ್ಪ ಗಲ್ಫಿನಿಂದ ಗಂಟು ಕಟ್ಟಿ ವಾಪಸಾಗಿದ್ದಾನೆ ಎಂದು ತಿಳಿದರೆ ಬಂದವರು ಚಾ ಕುಡಿದು, ಲೋಟ ಕೆಳಗಿಟ್ಟು, ಹೋಗಿಬಿಡುತ್ತಾರೆ. ಮದುವೆಯೊಂದು ಮುಗಿಯಲಿ, ಮತ್ತೆ ಹೇಳಿದರಾಯಿತು ಎಂದುಕೊಂಡಿದ್ದ.

ಕಿಸೆಯಲ್ಲಿದ್ದದ್ದು ಫೋನು. ಎರಡು ಸಾವಿರದ ನಾಲ್ಕನೆಯ ಇಸವಿ. ಸಿದ್ಧಕಟ್ಟೆಯಿಂದ ಒಳಗೆ ಬೊಳ್ಳಾರುಗುಡ್ಡೆಯಲ್ಲಿ ಆಗ ಇನ್ನೊಬ್ಬನ ಬಳಿ ಮೊಬೈಲು ಇರಲಿಲ್ಲ, ತಂತಿಯ ಫೋನೂ ಬಂದಿರಲಿಲ್ಲ. ಮಂಗಳೂರಿನಲ್ಲಿ ಅದಕ್ಕೆ ಊರಿನ ಸಿಮ್ ಕಾರ್ಡು ಹಾಕಿಸಿದ್ದ. ರೀಚಾರ್ಜ್ ಮಾಡಿಸದೆ ಮೊದಲು ಹೋಗುವ ಕರೆ ನಿಂತಿತು, ಮತ್ತೆ ಬರುವ ಕರೆ ನಿಂತಿತು, ಕೊನೆಗೆ ಕಾರ್ಡೇ ಸತ್ತಿತು. ಪರದೆಯ ಮೇಲೆ ‘ಎಮರ್ಜೆನ್ಸಿ ಓನ್ಲಿ’ ಎಂದು ಎರಡು ಇಂಗ್ಲಿಷ್ ಮಾತು ಬಂದು ಕೂತವು. ಇದಿನಬ್ಬನಿಗೆ ಅಕ್ಷರ ಕೂಡಿಸಿ ಓದುವಷ್ಟು ಇಂಗ್ಲಿಷ್ ಬರುತ್ತಿತ್ತು. ಕಾರ್ಡು ಸತ್ತಿದೆ ಎಂಬುದನ್ನೇ ಫೋನು ಸ್ವಲ್ಪ ಮರ್ಯಾದೆಯ ಭಾಷೆಯಲ್ಲಿ ಹೇಳುತ್ತಿದೆ ಎಂದುಕೊಂಡ, ಅಷ್ಟೇ.

ಅದನ್ನು ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟಿದ್ದರೆ ಕಥೆಯೇ ಇರುತ್ತಿರಲಿಲ್ಲ. ಇವನು ಸಿದ್ಧಕಟ್ಟೆಯ ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಜನ ಕಂಡರೆ ಅದನ್ನು ಕಿವಿಗೆ ಹಚ್ಚಿ, "ಅಯ್ವಾ, ಅಯ್ವಾ, ಬುಕ್ರಾ" ಎಂದು ಅರಬ್ಬಿಯಲ್ಲಿ ಯಾರೂ ಇಲ್ಲದ ಕಡೆಗೆ ಮಾತಾಡುತ್ತಿದ್ದ. ಸತ್ಯ ಗೊತ್ತಿದ್ದವಳು ಹೆಂಡತಿ ಝೈನಬ್ ಒಬ್ಬಳೇ.

"ಆ ಸತ್ತದ್ದನ್ನು ಎಷ್ಟು ದಿವಸ ಹೊತ್ತುಕೊಂಡು ತಿರುಗ್ತೀರಿ? ಒಂದು ದಿನ ಯಾರಾದರೂ, ಕೊಡಿ ನನಗೂ ಒಂದು ಕಾಲ್ ಮಾಡ್ಲಿಕ್ಕುಂಟು ಅಂದರೆ?"

"ಬೇರೆಯವರ ಮೊಬೈಲು ಕೇಳುವಷ್ಟು ಧೈರ್ಯ ಈ ಊರಲ್ಲಿ ಯಾರಿಗುಂಟು" ಎಂದ ಇದಿನಬ್ಬ.

ಧೈರ್ಯ ಇದ್ದವರು ಮೂಡಬಿದ್ರೆಯಿಂದ ಬಂದರು. ನಿಶ್ಚಯದ ದಿವಸ, ವ್ಯಾನು ಮಾಡಿಕೊಂಡು, ಹುಡುಗನ ದೊಡ್ಡಪ್ಪ ಬಾವಾ ಹಾಜಿಯ ಮುಂದಾಳ್ತನದಲ್ಲಿ. ಹಾಜಿ ಅಂದರೆ ಮಾತು ಕಡಿಮೆ, ಕಣ್ಣು ಜಾಸ್ತಿ. ಮನೆಯ ಮಾಡು, ಅಂಗಳ, ಬಾವಿಕಟ್ಟೆ ಎಲ್ಲವನ್ನೂ ಒಮ್ಮೆ ನೋಡಿ, ಕುರ್ಚಿಯಲ್ಲಿ ಕೂತು, ಇದಿನಬ್ಬನ ಕಿಸೆಯ ಫೋನನ್ನೂ ನೋಡಿದ.

ಹಿತ್ತಿಲಲ್ಲಿ ಬಿರಿಯಾನಿಯ ಹಂಡೆ ಏರಿತ್ತು. ಸೌದೆ ಕೊಟ್ಟಿಗೆಯಿಂದ ಕಟ್ಟಿಗೆ ಎಳೆದು ಕೊಡುತ್ತಿದ್ದವನು ಕೆಳಮನೆಯ ಹುಕ್ರಪ್ಪ. ಅವನನ್ನು ಯಾರೂ ಕರೆದಿರಲಿಲ್ಲ. ಮೇಲಿನ ಮನೆಯಲ್ಲಿ ಕಾರ್ಯ ಎಂದರೆ ಬೆಳಿಗ್ಗೆಯೇ ಬಂದು ಸೌದೆ, ನೀರು ತನ್ನದು ಎಂದು ಹಿಡಿದುಕೊಳ್ಳುವುದು ಅವನ ಅಪ್ಪನ ಕಾಲದಿಂದ ನಡೆದು ಬಂದದ್ದು. ಇವರ ಹೆಂಗಸರು ಅವರ ಮನೆಯ ಬಾಣಂತಿಗೆ ಎಣ್ಣೆ ತಿಕ್ಕಿದ್ದರು, ಅವರ ಗಂಡಸರು ಇವರಲ್ಲಿ ಸತ್ತವರ ಮಯ್ಯತ್ತಿಗೆ ಹೊಂಡ ತೋಡಿದ್ದರು. ಲೆಕ್ಕ ಇಡದ ನೆರೆಕರೆ ಅದು.

ಮಸೀದಿಯಲ್ಲಿ ಮಧ್ಯಾಹ್ನದ ಬಾಂಗ್ ಕೇಳುತ್ತಿದ್ದ ಹೊತ್ತಿಗೆ ಹುಕ್ರಪ್ಪ ಕೊಟ್ಟಿಗೆಯಿಂದ ಅಂಗಳಕ್ಕೆ ನಡೆದು ಬಂದ. ಓಡಲಿಲ್ಲ, ಬೊಬ್ಬೆ ಹಾಕಲಿಲ್ಲ. ಚಾವಡಿಯ ಮೆಟ್ಟಿಲಲ್ಲಿ ಕೂತು ಹೇಳಿದ, "ಬ್ಯಾರಿಗಳೇ, ಕಾಲಿಗೆ ಏನೋ ಕಚ್ಚಿತು. ಕನ್ನಡಿ ಹಾವೇ ಇರಬೇಕು, ಕೊಳಕುಮಂಡಲ. ಮೈಮೇಲೆ ಚಿತ್ರ ಇತ್ತು."

ಪಾದದ ಗಂಟಿನ ಮೇಲೆ ಎರಡು ಕಡೆ ರಕ್ತ ಜಿನುಗಿತ್ತು. ಝೈನಬಳ ತಮ್ಮ ನಿಝಾಮ್ ತನ್ನ ಹೆಗಲಿನ ಬೈರಾಸು ತೆಗೆದು ಮೊಣಕಾಲಿನ ಕೆಳಗೆ ಬಿಗಿಯಾಗಿ ಕಟ್ಟಿದ. ಬೈರಾಸು ಗಟ್ಟಿ ಬಟ್ಟೆ, ನಿಝಾಮನ ಕೈಯೂ ಗಟ್ಟಿ.

ಬಾವಾ ಹಾಜಿ ಕುರ್ಚಿಯಿಂದ ಎದ್ದ. "ಇದಿನಬ್ಬ, ನಿಮ್ಮ ಹತ್ತಿರ ಮೊಬೈಲು ಉಂಟಲ್ಲ. ಇಲ್ಲಿ ಆಂಬುಲೆನ್ಸ್ ಎಂಥದ್ದೂ ಇಲ್ಲವಾ?"

"ಯುವಕ ಮಂಡಲದ್ದು ಉಂಟು. ಜತ್ತಪ್ಪ ಓಡಿಸುವ ಗಾಡಿ" ಎಂದು ನಿಝಾಮನೇ ಹೇಳಿದ. "ಮಂಡಲದ ಆಫೀಸಿಗೆ ಫೋನ್ ಮಾಡಿದರೆ ಆಯ್ತು. ಮಾಡಿ ಭಾವ."

ಅಂಗಳದಲ್ಲಿದ್ದ ಅಷ್ಟೂ ಕಣ್ಣು ಇದಿನಬ್ಬನ ಕಿಸೆಯ ಮೇಲೆ ಬಂದು ನಿಂತವು. ಬಾಗಿಲ ಸಂದಿಯಲ್ಲಿ ಝೈನಬ್ ನಿಂತಿದ್ದಳು. ಅವಳು ಮಾತ್ರ ಫೋನನ್ನು ನೋಡದೆ ಅವನ ಮುಖ ನೋಡುತ್ತಿದ್ದಳು.

ಆಗ ಒಂದು ಮಾತು ಸಾಕಿತ್ತು. ಇದು ಸತ್ತಿದೆ ಮಾರಾಯ್ರೆ, ಗಾಡಿ ತೆಗೆಯಿರಿ. ಅಷ್ಟೇ. ಆದರೆ ಎದುರಿಗೆ ಬೀಗರು. ಕಾರ್ಡು ಸತ್ತಿದೆ ಎಂದರೆ ಯಾಕೆ ಸತ್ತಿತು ಎಂದು ಕೇಳುತ್ತಾರೆ. ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಮಾತಾಡುತ್ತಿದ್ದೆಯಲ್ಲ ಎಂದು ಊರಿನವರು ಕೇಳುತ್ತಾರೆ. ಒಂದು ನೂಲು ಎಳೆದರೆ ಇಡೀ ಅಂಗಿ ಬಿಚ್ಚಿಕೊಳ್ಳುತ್ತದೆ. ಇದಿನಬ್ಬ ಫೋನು ಹಿಡಿದುಕೊಂಡು, "ಇಲ್ಲಿ ರೇಂಜ್ ಕಡಿಮೆ" ಎಂದು ಗುಡ್ಡೆಯ ಬದಿಗೆ ನಡೆದ. ನಾಲ್ಕು ಗುಂಡಿ ಒತ್ತಿದ. ಕಿವಿಗೆ ಇಟ್ಟ. "ಹಲೋ, ಜತ್ತಪ್ಪನಾ? ಬೇಗ ಬಾ ಮಾರಾಯ, ಹಾವು ಕಚ್ಚಿದ್ದು" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ತಿರುಗಿ ಬಂದು, "ಹೇಳಿದೆ. ಈಗ ಬರ್ತದೆ" ಎಂದ.

ಅವನ ಲೆಕ್ಕಾಚಾರ ಬೇರೆಯಿತ್ತು. ಕೂಡಲೇ ನಿಝಾಮನನ್ನು ಬದಿಗೆ ಎಳೆದು ಕಿವಿಯಲ್ಲಿ ಹೇಳಿದ, "ನೀನು ಸೈಕಲ್ ತೆಗೆದುಕೊಂಡು ಪೇಟೆಗೆ ಹೋಗು. ಯಾವುದಾದರೂ ಜೀಪು ತಾ. ಓಡು."

"ಜೀಪು ಯಾಕೆ ಭಾವ? ಆಂಬುಲೆನ್ಸೇ ಬರ್ತದಲ್ಲ."

"ಬರ್ತದೆ. ಆದರೂ."

"ನೀವು ಸುಮ್ಮನೆ ಹೆದರಬೇಡಿ. ಎರಡೆರಡು ಗಾಡಿ ಬಂದರೆ ಆ ಸಪೂರ ದಾರಿಯಲ್ಲಿ ತಿರುಗಿಸ್ಲಿಕ್ಕೂ ಆಗುವುದಿಲ್ಲ" ಎಂದು ನಿಝಾಮ್ ಹುಕ್ರಪ್ಪನ ಬಳಿಗೆ ಹೋಗಿ ಗಾಳಿ ಹಾಕತೊಡಗಿದ. ಸುಳ್ಳು ಎಷ್ಟು ಚೆನ್ನಾಗಿ ಕೂತಿತ್ತೆಂದರೆ ಅದನ್ನು ಎಬ್ಬಿಸಲು ಹೇಳಿದವನಿಗೂ ಆಗಲಿಲ್ಲ.

ಬಾವಾ ಹಾಜಿ ಒಮ್ಮೆ, "ನಮ್ಮ ವ್ಯಾನಿನಲ್ಲೇ ಹಾಕಿಕೊಂಡು ಹೋಗುವನಾ?" ಎಂದ. ಯಾರೋ ಹೇಳಿದರು, ಆಂಬುಲೆನ್ಸಿನಲ್ಲಿ ಮಲಗಿಸಬಹುದು, ಇದರಲ್ಲಿ ಕುಳ್ಳಿರಿಸಿ ಕುಲುಕಿದರೆ ವಿಷ ಏರುತ್ತದೆ, ಜತ್ತಪ್ಪ ಹೇಗೂ ಹೊರಟಿದ್ದಾನಲ್ಲ, ದಾರಿಯಲ್ಲಿ ತಪ್ಪಿಹೋದರೆ ಎಂದು. ಎಲ್ಲರೂ ಇದಿನಬ್ಬನನ್ನು ನೋಡಿದರು. ಅವನು ಬೇಡ ಎನ್ನಲಿಲ್ಲ. ಹೋಗುವ ಎಂದೂ ಹೇಳಲಿಲ್ಲ. ದಾರಿಯ ಕಡೆ ನೋಡಿದ. ಬರುವುದೇ ಇಲ್ಲ ಎಂದು ಗೊತ್ತಿದ್ದ ಗಾಡಿಗೆ ಅಷ್ಟು ಹೊತ್ತು ಯಾರೂ ಕಾದಿರಲಿಕ್ಕಿಲ್ಲ.

ಹುಕ್ರಪ್ಪನ ಕಾಲು ಊದಿ ಬಣ್ಣ ತಿರುಗಿತು. "ಬೈರಾಸು ಸ್ವಲ್ಪ ಸಡಿಲ ಮಾಡಿ. ಕೆಳಗೆ ಕಾಲೇ ಇಲ್ಲದ ಹಾಗೆ ಆಗ್ತದೆ" ಎಂದ.

"ಬಿಚ್ಚಿದರೆ ವಿಷ ಮೇಲೆ ಹೋಗ್ತದೆ" ಎಂದ ನಿಝಾಮ್. "ಸ್ವಲ್ಪ ತಡೆದುಕೊಳ್ಳಿ."

ಹುಕ್ರಪ್ಪ ಇದಿನಬ್ಬನ ಕಡೆ ನೋಡಿದ. "ಬರ್ತದಲ್ಲ ಬ್ಯಾರಿಗಳೇ?"

"ಈಗ ಬರ್ತದೆ."

ಮಸೀದಿಯಲ್ಲಿ ನಮಾಝ್ ಮುಗಿಸಿದ ಜನ ಸುದ್ದಿ ಕೇಳಿ ಅಂಗಳಕ್ಕೆ ಬಂದರು. ಆಗ ಬಾವಾ ಹಾಜಿಯ ತಾಳ್ಮೆ ಮುಗಿಯಿತು. ಯಾರನ್ನೂ ಕೇಳದೆ ಹುಕ್ರಪ್ಪನನ್ನು ವ್ಯಾನಿಗೆ ಹತ್ತಿಸಿದ. ಬಂಟ್ವಾಳ ದಾಟಿ ಮಂಗಳೂರಿಗೆ ಮುಟ್ಟುವಾಗ ಹುಕ್ರಪ್ಪನಿಗೆ ಮಾತಿರಲಿಲ್ಲ. ಜೀವ ಉಳಿಯಿತು. ಕಾಲು ಮೊಣಕಾಲಿನ ಕೆಳಗಿನಿಂದ ಹೋಯಿತು. ಡಾಕ್ಟರು ಹುಕ್ರಪ್ಪನ ಹೆಂಡತಿ ವಾರಿಜಾಕ್ಷಿಗೆ ಹೇಳಿದ ಮಾತು ಇದಿನಬ್ಬನ ಎದುರಿಗೇ ಹೇಳಿದ್ದು: "ವಿಷಕ್ಕಿಂತ ಆ ಕಟ್ಟು ಜಾಸ್ತಿ ಹಾಳು ಮಾಡಿದೆ. ಅಷ್ಟು ಹೊತ್ತು ಯಾಕೆ ಬಿಗಿದು ಇಟ್ಟಿರಿ? ಯಾಕೆ ಕಾದಿರಿ?"

ಯಾಕೆ ಕಾದರು ಎಂಬುದಕ್ಕೆ ಊರಿಗೆ ಒಂದು ಉತ್ತರ ಬೇಕಿತ್ತು. ಜತ್ತಪ್ಪ ಸಿಕ್ಕಿದ. ಆವತ್ತು ಮಂಡಲದ ಆಫೀಸಿನಲ್ಲೇ ಇದ್ದೆ, ಫೋನು ಬಂದೇ ಇಲ್ಲ ಎಂದು ಅವನು ಆಣೆ ಹಾಕಿದ. ಆದರೆ ಜತ್ತಪ್ಪ ಸಂಜೆಗೆ ಸ್ವಲ್ಪ ಕಳ್ಳು ಕುಡಿಯುವವನು. ಸಂಜೆ ಕುಡಿಯುವವನು ಮಧ್ಯಾಹ್ನವೂ ಕುಡಿದು ಬಿದ್ದಿದ್ದಾನೆ ಎಂದು ನಂಬಲು ಜನರಿಗೆ ಕಷ್ಟವಾಗಲಿಲ್ಲ. ಗಾಡಿಯ ಕೀ ಕಿತ್ತುಕೊಂಡರು. ಅವನು ಕೆಂಪುಕಲ್ಲಿನ ಕೋರೆಯಲ್ಲಿ ಲಾರಿಗೆ ಕಲ್ಲು ತುಂಬುವ ಕೆಲಸಕ್ಕೆ ಹೋದ.

ಶಹಲಾಳ ಮದುವೆ ಚೆನ್ನಾಗಿಯೇ ಆಯಿತು. ಹುಕ್ರಪ್ಪ ಊರುಗೋಲು ಹಿಡಿದು ಬಂದು ಮೂಲೆಯಲ್ಲಿ ಕೂತು ನೋಡಿದ. ಅವನು ಒಂದು ದಿನವೂ ಇದಿನಬ್ಬನ ಮೇಲೆ ಮುಖ ಮುರಿಯಲಿಲ್ಲ. ಅದೇ ಕಷ್ಟವಾದದ್ದು. ವಾರಿಜಾಕ್ಷಿ ಬಾವಿಕಟ್ಟೆಯಲ್ಲಿ ಝೈನಬಳಿಗೆ ಹೇಳಿದಳು, "ಬ್ಯಾರಿಗಳು ಇದ್ದದ್ದಕ್ಕೆ ಫೋನಾದರೂ ಹೋಯ್ತು. ಆ ಜತ್ತಪ್ಪ ಬಾರದ್ದಕ್ಕೆ ಇವರೇನು ಮಾಡ್ಲಿಕ್ಕಾಗ್ತದೆ?" ಝೈನಬ್ ಕೊಡ ಅರ್ಧಕ್ಕೆ ಬಿಟ್ಟು ಮನೆಗೆ ಬಂದಳು. ಆಮೇಲೆ ಅವಳು ಗಂಡನ ಫೋನಿನ ಬಗ್ಗೆ ಒಂದು ಕುಹಕವನ್ನೂ ಆಡಲಿಲ್ಲ. ಬೈದಿದ್ದರೆ ಇದಿನಬ್ಬನಿಗೆ ಎಷ್ಟೋ ಹಗುರವಾಗುತ್ತಿತ್ತು. ಅನ್ನ ಬಡಿಸುತ್ತಿದ್ದಳು, ಹೋಗುತ್ತಿದ್ದಳು.

ಮರುವರ್ಷ ಜತ್ತಪ್ಪ ಮಂಡಲದ ಅಧ್ಯಕ್ಷ ಚಿನ್ನಯ್ಯ ಮಾಸ್ತರರ ಮನೆಗೆ ಹೋಗಿ ಒಂದೇ ಮಾತು ಕೇಳಿದ: "ನನಗೆ ಕೀ ಬೇಡ. ಇದಿನಬ್ಬ ಬ್ಯಾರಿಗಳು ಸಭೆಯಲ್ಲಿ ನನ್ನ ಮುಖ ನೋಡಿ ಒಮ್ಮೆ ಹೇಳಲಿ, ನಿನ್ನ ಹತ್ತಿರ ಮಾತಾಡಿದೆ ಅಂತ. ಆಮೇಲೆ ನಾನು ಈ ವಿಷಯ ಎತ್ತುವುದಿಲ್ಲ." ಮಾಸ್ತರರು ಬರುವ ಆದಿತ್ಯವಾರ ಎಂದರು.

ಸಭೆಯ ಮುನ್ನಾದಿನ ಇದಿನಬ್ಬ ಮೂಡಬಿದ್ರೆಯ ಬಸ್ಸು ಹತ್ತಿದ. ಮಗಳನ್ನು ನೋಡುವುದು ನೆಪ. ಆ ಫೋನನ್ನು ಎಲ್ಲಾದರೂ ಕೊಟ್ಟುಬಿಡಬೇಕು, ಕಣ್ಣೆದುರಿನಿಂದ ಹೋಗಬೇಕು, ಅಷ್ಟೇ ಅವನಿಗೆ ಇದ್ದದ್ದು. ಬಸ್‌ಸ್ಟ್ಯಾಂಡಿನ ಬಳಿ ನೌಫಲ್ ಎಂಬವನ ಮೊಬೈಲ್ ಅಂಗಡಿಯಿತ್ತು. ನೌಫಲ್ ಫೋನನ್ನು ಆಚೀಚೆ ತಿರುಗಿಸಿ, "ಸೆಟ್ ಒಳ್ಳೆದುಂಟಲ್ಲ ಕಾಕ. ಯಾಕೆ ಕೊಡುವುದು?" ಎಂದ.

"ಒಂದೂವರೆ ವರ್ಷದಿಂದ ಸತ್ತು ಬಿದ್ದಿದೆ. ಎಮರ್ಜೆನ್ಸಿ ಅಂತ ಬರ್ತದೆ."

"ಸತ್ತದ್ದು ಕಾರ್ಡು. ಫೋನ್ ಅಲ್ಲ. ಎಮರ್ಜೆನ್ಸಿ ಅಂದರೆ, ಕಾರ್ಡ್ ಇಲ್ಲದಿದ್ದರೂ ನೂರ ಹನ್ನೆರಡು ಒತ್ತಿದರೆ ಪೊಲೀಸಿಗೆ ಹೋಗ್ತದೆ ಅಂತ ಅರ್ಥ."

ಇದಿನಬ್ಬ ಅಂಗಡಿಯ ಗಾಜಿನ ಮೇಲೆ ಕೈ ಊರಿದ. "ಯಾವ ಕಾರ್ಡೂ ಇಲ್ಲದೆ?"

"ಹೌದು ಕಾಕ. ರೇಂಜ್ ಇದ್ದರೆ ಆಯ್ತು, ಯಾವ ಕಂಪನಿಯದ್ದಾದರೂ ಸರಿ. ಅಪಘಾತ, ಹೆರಿಗೆ, ಹಾವು ಕಚ್ಚಿದ್ದು, ಏನಿದ್ದರೂ ಅವರು ಹತ್ತಿರದ ಸ್ಟೇಷನಿನ ಜೀಪು ಕಳಿಸ್ತಾರೆ." ನೌಫಲ್ ಬಾಯಿಗೆ ಬಂದ ಒಂದು ಉದಾಹರಣೆ ಹೇಳಿದ್ದು. ಹಾವು ಎಂದದ್ದು ಎಲ್ಲಿ ಹೋಗಿ ತಾಗಿತು ಎಂದು ಅವನಿಗೇನು ಗೊತ್ತು. "ಒಂದೇ ತೊಂದರೆ, ಕಾರ್ಡ್ ಇಲ್ಲದ ಫೋನಿಗೆ ನಂಬರ್ ಇಲ್ಲ. ಅವರಿಗೆ ತಿರುಗಿ ಮಾಡ್ಲಿಕ್ಕೆ ಆಗುವುದಿಲ್ಲ. ಯಾರು ಮಾಡಿದ್ದು ಅಂತ ಹುಡುಕ್ಲಿಕ್ಕೂ ಕಷ್ಟ. ಕೊಡ್ತೀರಾ, ಇಟ್ಟುಕೊಳ್ತೀರಾ?"

ಇದಿನಬ್ಬ ಫೋನು ವಾಪಸು ತೆಗೆದುಕೊಂಡ. ಮಗಳ ಮನೆಗೆ ಹೋಗಲಿಲ್ಲ. ಬಸ್‌ಸ್ಟ್ಯಾಂಡಿನ ಸಿಮೆಂಟಿನ ಬೆಂಚಿನಲ್ಲಿ ಕೂತ, ಸಿದ್ಧಕಟ್ಟೆಯ ಬಸ್ಸುಗಳು ಒಂದೊಂದೇ ಹೋದವು. ಇಷ್ಟು ದಿವಸ ತನ್ನನ್ನು ತಾನು ಸಮಾಧಾನ ಮಾಡಲು ಅವನಲ್ಲಿ ಒಂದು ಮಾತಿತ್ತು: ಕೈಯಲ್ಲಿದ್ದದ್ದು ಕಬ್ಬಿಣದ ತುಂಡು, ಅದರಿಂದ ಯಾರಿಗೂ ಏನೂ ಆಗುತ್ತಿರಲಿಲ್ಲ. ಆ ಮಾತೂ ಹೋಯಿತು. ಆವತ್ತು ಗುಡ್ಡೆಯ ಬದಿಯಲ್ಲಿ ನಾಟಕಕ್ಕೆಂದು ಒತ್ತಿದ ನಾಲ್ಕು ಗುಂಡಿಯ ಬದಲು ಸರಿಯಾದ ಮೂರು ಒತ್ತಿದ್ದರೆ ಆಚೆ ಕಡೆ ಒಬ್ಬ ಮನುಷ್ಯ ಮಾತಾಡುತ್ತಿದ್ದ. ಜೀಪು ಬರುತ್ತಿತ್ತು. ಫೋನು ತಾನಾಗಿಯೇ ಪ್ರತಿದಿನ ಅದನ್ನು ಅವನ ಕಣ್ಣಿಗೆ ಹಿಡಿದು ಹೇಳುತ್ತಿತ್ತು.

ಮನುಷ್ಯನ ತಲೆ ಎಂಥದ್ದು ನೋಡಿ. ಸಂಜೆಯ ಬಸ್ಸಿನಲ್ಲಿ ಕೂತಾಗ ಅದೇ ಸಂಕಟದ ಅಡಿಯಿಂದ ಇನ್ನೊಂದು ಯೋಚನೆ ಮೆಲ್ಲ ತಲೆ ಎತ್ತಿತು. ಯಾರು ಮಾಡಿದ್ದು ಎಂದು ಹುಡುಕಲು ಆಗುವುದಿಲ್ಲ. ಹಾಗಾದರೆ ಮಾಡಿದ್ದೇನೆ ಎಂದರೆ ಇಲ್ಲ ಎನ್ನುವವರು ಯಾರು? ಜತ್ತಪ್ಪ ಬಚಾವು, ತಾನೂ ಬಚಾವು, ಮಗಳ ಮನೆಗೂ ಸುದ್ದಿಯಿಲ್ಲ.

ಆದಿತ್ಯವಾರ ಮಂಡಲದ ಹಾಲ್‌ನಲ್ಲಿ ಕೇರಂ ಬೋರ್ಡನ್ನು ಗೋಡೆಗೆ ಒರಗಿಸಿ ಬೆಂಚು ಹಾಕಿದ್ದರು. ಹುಕ್ರಪ್ಪ ಬಾಗಿಲ ಹತ್ತಿರ ಊರುಗೋಲು ಮಡಿಲಲ್ಲಿಟ್ಟು ಕೂತಿದ್ದ. ಜತ್ತಪ್ಪನ ಅಂಗೈಗಳು ಕೋರೆಯ ಕಲ್ಲಿನಿಂದ ಒಡೆದು ಕೆಂಪಾಗಿದ್ದವು. ಇದಿನಬ್ಬ ಎದ್ದು ನಿಂತ. ಜತ್ತಪ್ಪನ ಮುಖ ನೋಡಲು ಹೋದ, ಕೈ ನೋಡಿದ.

"ನಾನು ಜತ್ತಪ್ಪನಿಗೆ ಮಾಡಿದ್ದಲ್ಲ" ಎಂದ. "ಆವತ್ತು ಗಡಿಬಿಡಿಯಲ್ಲಿ ಹೆಸರು ತಪ್ಪಿ ಬಂತು. ನನ್ನ ಕಾರ್ಡಿನ ಅವಧಿ ಮುಗಿದಿತ್ತು. ನಾನು ಒತ್ತಿದ್ದು ನೂರ ಹನ್ನೆರಡು. ಕಾರ್ಡ್ ಇಲ್ಲದಿದ್ದರೂ ಪೊಲೀಸಿಗೆ ಹೋಗ್ತದೆ ಅದು."

ಜತ್ತಪ್ಪ ಉಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು. ಚಿನ್ನಯ್ಯ ಮಾಸ್ತರರ ಮುಖವೂ ಸಡಿಲವಾಯಿತು. "ಅದನ್ನು ಅಂದೇ ಹೇಳಿದ್ದರೆ ಈ ಮನುಷ್ಯ ಕಲ್ಲು ಹೊರುವುದು ತಪ್ಪುತ್ತಿತ್ತಲ್ಲ ಮಾರಾಯ್ರೆ" ಎಂದು ಗದರಿದರೂ, ಮಾತು ಮುಗಿಯಿತು ಎಂಬ ದನಿಯಲ್ಲಿ ಗದರಿದರು. ಇದಿನಬ್ಬನ ಬೆನ್ನಿನ ಬೆವರು ಆರತೊಡಗಿತು.

"ಕಾರ್ಡ್ ಇಲ್ಲದೆ ಹೋಗ್ತದಾ?" ಬಾಗಿಲ ಹತ್ತಿರದಿಂದ ಹುಕ್ರಪ್ಪ ಕೇಳಿದ. ಸಂಶಯದಿಂದಲ್ಲ, ಬರೀ ಕುತೂಹಲ. "ಎಲ್ಲಿ, ಒಮ್ಮೆ ಮಾಡಿ ನೋಡುವ."

"ಸುಮ್ಮನೆ ಪೊಲೀಸರಿಗೆ ಯಾಕೆ ಹುಕ್ರಪ್ಪಣ್ಣ" ಎಂದ ಇದಿನಬ್ಬ. ಅಷ್ಟರಲ್ಲಿ ಮುಂದಿನ ಬೆಂಚಿನಲ್ಲಿದ್ದ ನಿಝಾಮ್ ಭಾವನ ಕಿಸೆಯಿಂದ ಫೋನು ತೆಗೆದು ಮೂರು ಗುಂಡಿ ಒತ್ತಿ ಹುಕ್ರಪ್ಪನ ಕೈಗೆ ಕೊಟ್ಟಾಗಿತ್ತು. ಹುಕ್ರಪ್ಪ ಅದನ್ನು ತಟ್ಟೆ ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದು ಕಿವಿಗೆ ಒತ್ತಿದ.

ಬೆಂಚಿನವರು ಮುಂದಕ್ಕೆ ಬಾಗಿದರು. ಆಚೆಯ ದನಿ ಸಣ್ಣಗೆ ಎಲ್ಲರಿಗೂ ಕೇಳಿಸಿತು. "ಕಂಟ್ರೋಲ್ ರೂಮ್. ಹೇಳಿ, ಏನು ತೊಂದರೆ?"

ಹುಕ್ರಪ್ಪ ಗಾಬರಿಯಾದ. "ತೊಂದರೆ… ಹಾವು ಕಚ್ಚಿದ್ದು ಸ್ವಾಮಿ."

"ಯಾರಿಗೆ? ಎಲ್ಲಿ? ಜಾಗ ಹೇಳಿ, ಗಾಡಿ ಕಳಿಸ್ತೇವೆ."

"ನನಗೆ. ಸಿದ್ಧಕಟ್ಟೆ ಹತ್ತಿರ. ಗಾಡಿ ಬೇಡ. ಕಚ್ಚಿದ್ದು ಹೋದ ವರ್ಷ."

 ಆಚೆ ಕಡೆಯಿಂದ ಬೈಗುಳ ಬಂತು. ತಮಾಷೆ ಮಾಡುವ ನಂಬರಾ ಇದು, ಇಡಿ ಕೆಳಗೆ ಎಂದು. ಹುಕ್ರಪ್ಪ "ಆಯ್ತು ಸ್ವಾಮಿ" ಎಂದು ಫೋನನ್ನು ಮಡಿಲಲ್ಲಿ ಇಟ್ಟುಕೊಂಡ. ಕೆಲವರು ನಕ್ಕರು. ಅವನೂ ಸ್ವಲ್ಪ ನಕ್ಕ.

"ಎಷ್ಟು ಬೇಗ ಎತ್ತಿದರು" ಎಂದ. "ಜಾಗ ಹೇಳಿ, ಕಳಿಸ್ತೇವೆ ಅಂತ ಹೇಳಿದರು. ಆವತ್ತು ನಿಮಗೆ ಏನು ಹೇಳಿದರು ಬ್ಯಾರಿಗಳೇ?"

ಉತ್ತರ ಇದಿನಬ್ಬನ ನಾಲಗೆಯ ತುದಿಯಲ್ಲಿತ್ತು. ಲೈನು ಕಟ್ಟಾಯಿತು. ರೇಂಜು ಹೋಯಿತು. ಅವರಿಗೆ ತಿರುಗಿ ಮಾಡಲು ನಂಬರಿರಲಿಲ್ಲ. ಎಲ್ಲವೂ ಕೂಡಿ ಬರುವ ಉತ್ತರ. ಆದರೆ ಹುಕ್ರಪ್ಪ ಕೇಳಿದ್ದು ನಿಜವಾಗಿ ತಿಳಿಯಬೇಕೆಂದೇ. ತನ್ನ ಕಾಲಿನ ವಿಷಯದಲ್ಲಿ ಆಚೆ ಕಡೆಯವನು ಏನು ಹೇಳಿದ ಎಂದು ತಿಳಿಯುವ ಆಸೆ ಅವನಿಗಿತ್ತು. ಆ ಮುಖಕ್ಕೆ ಇನ್ನೊಂದು ಸುಳ್ಳು ಹೇಳಲು ಇದಿನಬ್ಬನಿಂದ ಆಗಲಿಲ್ಲ.

"ನಾನು ಮಾಡಲೇ ಇಲ್ಲ ಹುಕ್ರಪ್ಪಣ್ಣ. ಜತ್ತಪ್ಪನಿಗೂ ಇಲ್ಲ, ಈ ಪೊಲೀಸಿನವರಿಗೂ ಇಲ್ಲ. ಇದು ಹೋಗ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ನಿನ್ನೆ ಗೊತ್ತಾದದ್ದು. ಬೀಗರ ಎದುರು ಸುಮ್ಮನೆ ಕಿವಿಗೆ ಇಟ್ಟೆ."

"ಭಾವ" ಎಂದ ನಿಝಾಮ್.  ಬೈರಾಸು ಕಟ್ಟಿದವನು ಅವನು.

ಜತ್ತಪ್ಪ ಎದ್ದ. ಹೊಡೆಯುತ್ತಾನೆ ಎಂದು ಎಲ್ಲರೂ ಅಂದುಕೊಂಡರು. ಹೊಡೆಯಲಿಲ್ಲ. ಮಾಸ್ತರರ ಕಡೆ ತಿರುಗಿ, "ಕೇಳಿತಲ್ಲ" ಎಂದು ಹೊರಗೆ ಹೋದ. ಮಾಸ್ತರರು ಗಾಡಿಯ ಕೀ ಹಿಡಿದುಕೊಂಡು ಅವನ ಹಿಂದೆಯೇ ಹೋದರು. ಒಬ್ಬೊಬ್ಬರೇ ಎದ್ದರು. ಇಷ್ಟು ಹೊತ್ತು ಜತ್ತಪ್ಪನನ್ನು ನೋಡದೆ ಕೂತಿದ್ದ ಜನ ಈಗ ಇದಿನಬ್ಬನನ್ನು ನೋಡದೆ ಹೊರಟರು.

ಹುಕ್ರಪ್ಪ ಮಾತ್ರ ಕೂತೇ ಇದ್ದ. ಕೊನೆಗೆ ಊರುಗೋಲು ಊರಿ ಎದ್ದ. ಇದಿನಬ್ಬ ಕೈ ಚಾಚಿದ. ಹುಕ್ರಪ್ಪ ಆ ಕೈಯಲ್ಲಿ ಫೋನು ಇಟ್ಟ.

"ಬೀಗರ ಎದುರು ಹೇಳ್ಲಿಕ್ಕೆ ನಾಚಿಕೆ ಆಯ್ತು. ಅದು ನನಗೆ ಗೊತ್ತಾಗ್ತದೆ" ಎಂದ. "ನಾನೂ ಮಗಳ ಅಪ್ಪನೇ. ಆದರೆ ನಾನು ಅಲ್ಲೇ ನಿಮ್ಮ ಕಾಲ ಬುಡದಲ್ಲಿ ಕೂತಿದ್ದೆನಲ್ಲ. ನನ್ನ ಕಿವಿಯಲ್ಲಿ ಒಂದು ಹೇಳಬಹುದಿತ್ತು. ನಾನೇ ಹಾಜಿಯವರಿಗೆ, ನನಗೆ ನಿಮ್ಮ ವ್ಯಾನಿನಲ್ಲೇ ಹೋಗಬೇಕು ಅಂತ ಹಟ ಮಾಡ್ತಿದ್ದೆ. ನಿಮ್ಮ ಫೋನಿನ ವಿಷಯ ನಾನು ಯಾರಿಗೂ ಹೇಳ್ತಿರಲಿಲ್ಲ."

ಹಾಗೆಂದು ಅವನು ಹೊಸ್ತಿಲಿಗೆ ಊರುಗೋಲು ಇಟ್ಟು, ಗೋಡೆ ಹಿಡಿದು, ತಾನೇ ಮೆಟ್ಟಿಲು ಇಳಿದ.